ಹದಿನಾಲ್ಕು ಮೆಸೇಜು

ಬೆಳಿಗ್ಗೆ 8:15ಕ್ಕೆ ಸಪೋರ್ಟ್ ಹುಡುಗಿಯ ಫೋನ್. "ಸರ್, ಒಬ್ಬರು ಅಜ್ಜ ಲೈನಲ್ಲಿದ್ದಾರೆ. ಕಂತು ಕಟ್ಟಿ ಅಂತ 14 ಮೆಸೇಜ್ ಬಂದಿದೆಯಂತೆ. ಸಿಕ್ಕಾಪಟ್ಟೆ ಬೈತಿದ್ದಾರೆ."

6 ಗಂಟೆಯಿಂದ ಹತ್ತು ನಿಮಿಷಕ್ಕೊಂದರಂತೆ ಎಣಿಸಿದೆ. ಸರಿಯಾಗಿ 14. ಅದು ನನ್ನದೇ ಪೈಥಾನ್ ಸ್ಕ್ರಿಪ್ಟು, ಹಿಂದಿನ ಸಂಜೆ ಸರ್ವರಿಗೆ ಹಾಕಿದ್ದು. ಮೊದಲು ಅದನ್ನು ಹತ್ತು ನಿಮಿಷಕ್ಕೊಮ್ಮೆ ತಾನಾಗಿ ಓಡಿಸುತ್ತಿದ್ದ ಕ್ರಾನ್ ನಿಲ್ಲಿಸಿದೆ, ಆಮೇಲೆ ಕಾಫಿ.

ಸ್ಕ್ರಿಪ್ಟಿನ ಕೆಲಸ ಇಷ್ಟೇ: ಪಟ್ಟಿಯಲ್ಲಿರುವವರಿಗೆ ಮೆಸೇಜ್ ಕಳಿಸು, ಕಳಿಸಿದ ಹೆಸರನ್ನು ಪಟ್ಟಿಯಿಂದ ತೆಗೆ. ನನ್ನ ಲ್ಯಾಪ್‌ಟಾಪಿನಲ್ಲಿ ಹೆಸರು ಹೋಗುತ್ತಿತ್ತು, ಸರ್ವರಿನಲ್ಲಿ ಹೋಗುತ್ತಿರಲಿಲ್ಲ. ಎರರ್ ಕೂಡ ಇಲ್ಲ. ಅದಕ್ಕಿಂತ ವಿಚಿತ್ರ ಅಂದರೆ ಏನಾಗುತ್ತಿದೆ ಅಂತ ತಿಳಿಯಲು ನಾನು ಹಾಕಿದ್ದ ಪ್ರಿಂಟುಗಳಲ್ಲಿ ಒಂದೂ ಲಾಗ್ ಫೈಲಿನಲ್ಲಿ ಇರಲಿಲ್ಲ. ಲಾಗ್ ಫೈಲೇ ತಪ್ಪಿರಬೇಕು ಅಂದುಕೊಂಡು ಒಂದು ಗಂಟೆ ಕಳೆದೆ.

ನಾನು ಸಿ ಭಾಷೆಯಲ್ಲಿ ಬರೆದು ಬರೆದು ಪೈಥಾನಿಗೆ ಬಂದವನು. ಸಿಯಲ್ಲಿ ಇಫ್‌ಡೆಫ್ ಹಾಕಿದರೆ ಬೇಡದ ಕೋಡನ್ನು ಪ್ರಿಪ್ರೊಸೆಸರ್ ಮೊದಲೇ ಕಿತ್ತು ಹಾಕುತ್ತದೆ. ಪೈಥಾನಿನಲ್ಲಿ ಅಂಥ ಪ್ರಿಪ್ರೊಸೆಸರ್ ಇಲ್ಲ. ಹುಡುಕಿದಾಗ ಡಿಬಗ್ ಅನ್ನುವ ಹೆಸರು ಸಿಕ್ಕಿತ್ತು, ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರುವಂಥದ್ದು. ಸುಮ್ನೆ ಓಡಿಸಿದರೆ ಅದು ಟ್ರೂ. ಮೈನಸ್ ಜೊತೆ ದೊಡ್ಡ ಓ ಕೊಟ್ಟರೆ ಫಾಲ್ಸ್, ಆಗ ಅದನ್ನು ಇಫ್‌ಗೆ ಕೊಟ್ಟು ಒಳಗೆ ಬರೆದ ಸಾಲುಗಳು ಪೈಥಾನ್ ನಿಜವಾಗಿ ಓಡಿಸುವ ಬೈಟ್‌ಕೋಡಿಗೇ ಹೋಗುವುದಿಲ್ಲ. ಹಳೇ ಮನೆಯ ಸಾಮಾನು ಹೊಸ ಮನೆಯಲ್ಲಿ ಸಿಕ್ಕಷ್ಟು ಖುಷಿಯಾಗಿತ್ತು. ಪ್ರಿಂಟುಗಳನ್ನೆಲ್ಲ ಅದರೊಳಗೆ ತುಂಬಿದ್ದೆ.

ಆದರೆ ಕ್ರಾನಿನ ಆ ಸಾಲಿನಲ್ಲಿ ಓ ಎಲ್ಲೂ ಇರಲಿಲ್ಲ. ಕೊನೆಗೆ ಪೈಥಾನ್ ಬೈಟ್‌ಕೋಡ್ ಉಳಿಸಿಡುವ ಪೈಕ್ಯಾಶ್ ಫೋಲ್ಡರ್ ತೆರೆದೆ. ನನ್ನ ಮಾಡ್ಯೂಲಿನ ಫೈಲ್ ಹೆಸರಿನ ಬಾಲದಲ್ಲಿ 'ಆಪ್ಟ್-1' ಅಂತಿತ್ತು. ಲ್ಯಾಪ್‌ಟಾಪಿನಲ್ಲಿ ಆ ಬಾಲ ಇಲ್ಲ. ಕ್ರಾನಿನ ಸಾಲುಗಳಿರುವ ಫೈಲ್ ಕ್ರಾನ್‌ಟ್ಯಾಬ್; ಅದರ ತಲೆಯಲ್ಲಿ ಯಾರೋ ಯಾವತ್ತೋ ಪೈಥಾನ್‌ಆಪ್ಟಿಮೈಜ಼್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ಲಿಗೆ 1 ಕೊಟ್ಟಿದ್ದರು. ಓ ಕೊಟ್ಟಂತೆಯೇ ಅದು. ಸ್ಕ್ರಿಪ್ಟು ಫಾಸ್ಟಾಗಲಿ ಅಂತ ಇರಬೇಕು, ಪಾಪ. ಅದು ಮುಖ್ಯವಾಗಿ ಮಾಡುವುದು ಡಿಬಗ್ ಸಾಲು, ಅಸರ್ಟ್ ಸಾಲು (ಮುಂದಿರುವುದು ನಿಜವೇ ಅಂತ ನೋಡಿ, ಅಲ್ಲದಿದ್ದರೆ ಎರರ್ ಕೊಡುವಂಥದ್ದು) ಕೀಳುವುದನ್ನೇ.

ಅಸರ್ಟ್! ಎದೆ ಧಸಕ್ ಅಂತು. ಹೆಸರು ತೆಗೆಯುವ ಫಂಕ್ಷನ್ನು ಕೆಲಸ ಆದರೆ ಟ್ರೂ ಕೊಡುತ್ತದೆ. ಒಂದು ಸಾಲು ಉಳಿಸೋಣ ಅಂತ ಆ ಫಂಕ್ಷನ್ ಕರೆಯನ್ನೇ ಅಸರ್ಟ್ ಮುಂದೆ ಬರೆದಿದ್ದೆ. ಅಸರ್ಟ್ ಹೋದಾಗ ಕರೆಯೂ ಹೋಯಿತು. ಬೈಟ್‌ಕೋಡ್ ಬಿಡಿಸಿ ತೋರಿಸುವ ಡಿಸ್ ಮಾಡ್ಯೂಲಿನಲ್ಲಿ ನೋಡಿದೆ. ಓ ಇಲ್ಲದೆ ನೋಡಿದರೆ ಆ ಸಾಲಿನ ನಂಬರ್ ಇದೆ. ಓ ಕೊಟ್ಟು ನೋಡಿದರೆ 41 ಆದಮೇಲೆ ನೇರ 43. ನಡುವೆ 42 ಇಲ್ಲವೇ ಇಲ್ಲ.

ಸಿಯಲ್ಲೂ ಎನ್‌ಡಿಬಗ್ ಕೊಟ್ಟರೆ ಅಸರ್ಟ್ ಹೀಗೇ ಮಾಯವಾಗುತ್ತದೆ. ಜೂನಿಯರ್ ಹುಡುಗರಿಗೆ ಇದನ್ನು ನಾನೇ ಎಷ್ಟು ಸಲ ಹೇಳಿಲ್ಲ!

ತಿದ್ದಿದ್ದು ಎರಡು ನಿಮಿಷ. ಫಂಕ್ಷನ್ ಕೊಟ್ಟಿದ್ದನ್ನು ಮೊದಲು ವೇರಿಯಬಲ್ಲಿಗೆ ಹಾಕಿಕೊಂಡೆ, ಆಗದಿದ್ದರೆ ಎಕ್ಸೆಪ್ಶನ್ ಎಸೆ ಅಂದೆ. ಕ್ರಾನ್ ಮತ್ತೆ ಶುರು ಮಾಡಿ, ಇಪ್ಪತ್ತು ನಿಮಿಷ ಲಾಗ್ ನೋಡುತ್ತಾ ಕೂತೆ.

ಮಧ್ಯಾಹ್ನ ಅಜ್ಜನಿಗೆ ನಾನೇ ಫೋನ್ ಮಾಡಿ ಕ್ಷಮೆ ಕೇಳಿದೆ. "ಈಗ ಬರ್ತಿಲ್ಲ ಬಿಡಪ್ಪಾ" ಅಂದರು. "ಆದ್ರೆ ಆ ಕಂತು ನಾನು ಸೋಮವಾರನೇ ಕಟ್ಟಿದೀನಿ. ಅದ್ಯಾಕೆ ಪಟ್ಟೀಲಿತ್ತು?"

ಮತ್ತೆ ಲ್ಯಾಪ್‌ಟಾಪ್ ತೆರೆದೆ.