ಅಂಟಿಕೊಳ್ಳುವ ಹಾಳೆಗಳು

ಇಂಗಾಲದ ಒಂದೇ ಪರಮಾಣುವಿನಷ್ಟು ತೆಳುವಾದ ಹಾಳೆಯೇ ಗ್ರಾಫೀನ್. ಒಂದು ಗ್ರಾಂ ಗ್ರಾಫೀನನ್ನು ಪದರ ಪದರವಾಗಿ ಪೂರ್ತಿ ಬಿಡಿಸಿದರೆ, ಲೆಕ್ಕದ ಪ್ರಕಾರ ಸುಮಾರು 2630 ಚದರ ಮೀಟರ್ ಮೇಲ್ಮೈ ಸಿಗುತ್ತದೆ. ವಿದ್ಯುತ್ತನ್ನು ಬೇಗ ತುಂಬಿಕೊಂಡು ಬೇಗ ಹೊರಬಿಡುವ ಸಾಧನವಾದ, ಇಂಗಾಲದ ಎಲೆಕ್ಟ್ರೋಡುಗಳಿರುವ ಸೂಪರ್‌ಕೆಪಾಸಿಟರ್‌ನಲ್ಲಿ ವಿದ್ಯುದಾವೇಶ ಸಂಗ್ರಹವಾಗುವುದು ಅಯಾನುಗಳು (ಆವೇಶ ಹೊತ್ತ ಕಣಗಳು) ಮೇಲ್ಮೈಗೆ ಬಂದು ಕೂರುವುದರಿಂದ. ಹಾಗಾಗಿ ಈ ಸಂಖ್ಯೆ ನನ್ನನ್ನು ಮೊದಲಿನಿಂದಲೂ ಸೆಳೆದಿದೆ.

ಆದರೆ ಪ್ರಯೋಗಾಲಯದಲ್ಲಿ ಕಂಡದ್ದೇ ಬೇರೆ. ಗ್ರಾಫೀನ್ ಆಕ್ಸೈಡ್ (ಆಮ್ಲಜನಕ ಸೇರಿದ ಗ್ರಾಫೀನ್) ಬೆರೆತ ಕಂದು ನೀರಿಗೆ, ಆ ಆಮ್ಲಜನಕವನ್ನು ತೆಗೆಯುವ ಅಪಕರ್ಷಕ ಸೇರಿಸಿ ಬಿಸಿ ಮಾಡುತ್ತಿದ್ದಂತೆ ಅದು ಕಪ್ಪಾಯಿತು. ತೇವ ಆರುವ ಮೊದಲೇ ಪೇರಿಸಿಟ್ಟ ಹಪ್ಪಳಗಳಂತೆ ಹಾಳೆಗಳು ಒಂದಕ್ಕೊಂದು ಅಂಟಿ, ಗರಣೆಗಟ್ಟಿ ಬೀಕರಿನ ತಳಕ್ಕಿಳಿದವು. ಒಳಪದರಗಳಿಗೆ ಅಯಾನುಗಳು ಹೋಗಲು ದಾರಿಯೇ ಇಲ್ಲದಿದ್ದರೆ ಅಷ್ಟು ವಿಸ್ತಾರವಿದ್ದೂ ಫಲವಿಲ್ಲ. ಆದ್ದರಿಂದ ಹಾಳೆಗಳ ನಡುವೆ ಇಂಗಾಲದ ನ್ಯಾನೋಕೊಳವೆಗಳನ್ನಿಟ್ಟು ಅಂತರ ಕಾಯುವುದು, ಇಲ್ಲವೇ ಹಾಳೆಗಳಲ್ಲೇ ಸೂಕ್ಷ್ಮ ರಂಧ್ರಗಳನ್ನು ಕೊರೆಯುವುದು, ಇದೇ ಈ ಕ್ಷೇತ್ರದ ನಿಜವಾದ ಕಸುಬು ಎಂದು ನಾನು ನಂಬಿದ್ದೇನೆ.

ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಗ್ರಾಫೀನ್ ಹೆಚ್ಚಾಗಿ ಆಸರೆಯ ಪಾತ್ರ ವಹಿಸುತ್ತದೆ. ಈ ಬ್ಯಾಟರಿಯ ಋಣ ಎಲೆಕ್ಟ್ರೋಡಿಗೆ ಸಾಮಾನ್ಯವಾಗಿ ಬಳಸುವ ಗ್ರಾಫೈಟಿನ ಸಾಮರ್ಥ್ಯ ಗ್ರಾಂಗೆ 372 ಮಿಲಿಆಂಪಿಯರ್-ಗಂಟೆ. ಸಿಲಿಕಾನ್‌ನದು ಅದರ ಸುಮಾರು ಹತ್ತು ಪಟ್ಟು. ಆದರೆ ಲಿಥಿಯಂ ಹೀರಿಕೊಂಡ ಸಿಲಿಕಾನ್ ಕಣ ಮೂರು ಪಟ್ಟಿಗೂ ಮಿಗಿಲಾಗಿ ಉಬ್ಬಿ ಬಿರುಕು ಬಿಡುತ್ತದೆ. ಅದಕ್ಕೆ ಬಾಗಬಲ್ಲ ಗ್ರಾಫೀನ್ ಹೊದಿಕೆಯಿದ್ದರೆ, ಕಣ ಒಡೆದರೂ ಚೂರುಗಳ ವಿದ್ಯುತ್ ಸಂಪರ್ಕ ಬಹುಮಟ್ಟಿಗೆ ಉಳಿಯುತ್ತದೆ.