ಹಿನ್ನೀರಿನ ಕ್ಯಾಂಪಿಗೆ ದಾರಿ ಬಿಡಿಸಿದ್ದು

ಪುಷ್ಯ ಮಳೆ ಹಿಡಿದು ನಾಲ್ಕನೇ ದಿನ ಬೆಳಿಗ್ಗೆ ಚಿಕ್ಕಪ್ಪನ ಫೋನ್ ಬಂತು. ಕರೆಂಟಿಲ್ದೆ ಟವರ್ ಬಂದ್ ಆಗಿತ್ತಂತೆ, ಸಿಗ್ನಲ್ ಸಿಗೋ ದಿಬ್ಬದ ತನಕ ಮಳೇಲಿ ನಡ್ಕೊಂಡು ಹೋಗಿ ಮಾಡಿದ್ದು, ಹಂಗಾಗಿ ಮಾತು ಉದ್ದ ಇರ್ಲಿಲ್ಲ. "ದಾರಿ ಪೂರಾ ಮುಚ್ಚಿದೆ ಮಾರಾಯ, ಬಿದ್ದ ಮರ ಎಣಿಸೋಕೆ ಆಗಲ್ಲ, ಹಳ್ಳದ ಮೋರಿ ಕೊಚ್ಕೊಂಡು ಹೋಗಿದೆ, ಆಚೆ ಮೂರು ಮನೆಯೋರು ಈಚೆ ಬರೋ ಹಂಗಿಲ್ಲ. ಕ್ಯಾಂಪಿನ ವಿಷ್ಯ ಆಮೇಲೆ ನೋಡಣ, ನೀ ಬರೋದಾದ್ರೆ ಗಟ್ಟಿ ಹಗ್ಗ ತಗೊಂಡು ಬಾ" ಅಂದ್ರು, ಅಷ್ಟಕ್ಕೇ ಕಟ್ ಆಯ್ತು. ಅವತ್ತು ರಾತ್ರಿ ಬಸ್ಸಿಗೇ ಬೆಂಗಳೂರಿಂದ ಹೊರಟೆ.

ಕ್ಯಾಂಪ್ ಅಂದ್ರೆ ನಮ್ಮದು ದೊಡ್ಡ ರೆಸಾರ್ಟ್ ಅಲ್ಲ. ಸಾಗರ ತಾಲೂಕಿನ ಕರೂರು ಹೋಬಳಿ, ಶರಾವತಿ ಹಿನ್ನೀರಿನ ದಂಡೆ, ಚಿಕ್ಕಪ್ಪನ ಬ್ಯಾಣದ (ಹುಲ್ಲುಗಾವಲಿನ) ತುದೀಲಿ ಆರು ಟೆಂಟ್ ಹಾಕೋವಷ್ಟು ಸಮ ಜಾಗ, ಹಂಚು ಹೊದಿಸಿದ ಒಂದು ಅಡುಗೆ ಕೊಟ್ಟಿಗೆ, ಎರಡು ಟಾಯ್ಲೆಟ್, ಅಷ್ಟೇ. ಲಿಂಗನಮಕ್ಕಿ ಡ್ಯಾಂ ತುಂಬಿದ್ರೆ ನೀರು 1819 ಅಡಿಗೆ ಬಂದು ನಿಲ್ಲತ್ತೆ, ಆ ಗೆರೆಯಿಂದ ಕೆಳಗೆ ಏನೂ ಕಟ್ಟೋ ಹಾಗಿಲ್ಲ, ನಾವೂ ಕಟ್ಟಿಲ್ಲ. ಟಾರ್ ರಸ್ತೆಯಿಂದ ಅಲ್ಲಿಗೆ ಮೂರು ಕಿಲೋಮೀಟರ್ ಮಣ್ಣು ದಾರಿ, ಮೊದಲರ್ಧ ಅಕೇಶಿಯಾ ಪ್ಲಾಂಟೇಶನ್ ನಡುವೆ, ಆಮೇಲೆ ಒಂದು ಹಳ್ಳ, ಹಳ್ಳ ದಾಟಿದ್ರೆ ಕಾನು, ಅಂದ್ರೆ ದಟ್ಟ ಹಸಿರು ಕಾಡು, ಕಾನಿನ ಅಂಚಲ್ಲಿ ಮೂರು ಮನೆ, ಅದಾದ ಮೇಲೆ ನಮ್ಮ ಬ್ಯಾಣ. ಬೇಸಿಗೇಲಿ ಬರೋ ಗೆಸ್ಟ್‌ಗಳಿಗೆ ಅದು ಕ್ಯಾಂಪಿಗೆ ಹೋಗೋ ಜೀಪ್ ರೋಡ್. ಆ ಮೂರು ಮನೆಯೋರಿಗೆ ಹಾಲಿನ ಡೈರಿಗೆ, ಶಾಲೆಗೆ, ಆಸ್ಪತ್ರೆಗೆ ಎಲ್ಲದಕ್ಕೂ ಅದೊಂದೇ ದಾರಿ.

ಅವರು ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆದಾಗ ಕೆಳಗಿನ ಗದ್ದೆ ಮನೆ ಎಲ್ಲಾ ಬಿಟ್ಟು ಮೇಲೆ ಬಂದು ಕೂತವರು. ಅದರಲ್ಲಿ ಒಂದು ಮನೆ ಅಜ್ಜಿ ಮದುವೆಯಾಗಿ ಬಂದ ಮನೆ ಈಗ ನೀರಡಿ ಇದೆ, ಮಳೆ ಕಮ್ಮಿಯಾದ ವರ್ಷ ಬೇಸಿಗೇಲಿ ನೀರು ತೀರಾ ಇಳಿದ್ರೆ ಹಳೇ ಗಾಡಿ ದಾರಿ, ಕಲ್ಲಿನ ಕಟ್ಟೆ, ಒಣಗಿದ ಮರದ ಬೊಡ್ಡೆ ಎಲ್ಲಾ ಮೇಲೆ ಬರ್ತವೆ. ಅದಕ್ಕೂ ಮೊದಲು ಮಡೆನೂರಲ್ಲಿ ಕಟ್ಟಿದ್ದ ಹಿರೇಭಾಸ್ಕರ ಡ್ಯಾಂ ಕೂಡ ಇದೇ ನೀರಲ್ಲಿ ಮುಳುಗಿರೋದು, ಅಂಥ ವರ್ಷಗಳಲ್ಲಿ ಅದನ್ನ ನೋಡೋಕೆ ಜನ ಹೋಗ್ತಾರೆ. ಅಜ್ಜಿ ಮಾತ್ರ ಆ ಕಡೆ ಹೋಗಲ್ಲ. ಈ ಸಲ ನಾನು ಹೋದಾಗ ಜಗಲಿ ಮೇಲೆ ಕೂತು ಒಂದೇ ಮಾತು ಅಂದ್ರು, "ನಮ್ಮ ಒಂದು ದಾರಿ ನೀರಲ್ಲಿ ಹೋಯ್ತು ಮಗಾ, ಇದೂ ಹೋದ್ರೆ ಎಲ್ಲಿ ನಡೀಲಿ". ಕ್ಯಾಂಪ್ ಸೀಸನ್ ಏನಾಗತ್ತೋ ಅನ್ನೋ ಲೆಕ್ಕ ದಾರಿಯುದ್ದಕ್ಕೂ ಹಾಕ್ತಾ ಬಂದಿದ್ದೆ, ಅದನ್ನ ಅಲ್ಲಿಗೇ ಬಿಟ್ಟೆ.

ಮೊದಲನೇ ದಿನ ಒಂದು ಮರಾನೂ ಕೊಯ್ಲಿಲ್ಲ. ಚಿಕ್ಕಪ್ಪ ಬಿಡ್ಲಿಲ್ಲ. ಕಂಬಳಿ ಕೊಪ್ಪೆ ಹಾಕ್ಕೊಂಡು, ಕಾಲಿಗೆ ಉಂಬಳ (ಜಿಗಣೆ) ಹತ್ತದ ಹಾಗೆ ಸುಣ್ಣ ಹೊಗೆಸೊಪ್ಪು ಹಚ್ಕೊಂಡು, ಹಳ್ಳದ ತನಕ ನಡೆದು ಏನೇನು ಬಿದ್ದಿದೆ ಅಂತ ನೋಡಿದ್ವಿ. ದಾರಿಗೆ ಅಡ್ಡ ಬಿದ್ದಿದ್ದು 63 ಮರ, ಅದರಲ್ಲಿ 54 ಅಕೇಶಿಯಾ. ಇದು ನಂಗೆ ಹೊಟ್ಟೆ ಉರಿಸೋ ವಿಷ್ಯ. ಆಸ್ಟ್ರೇಲಿಯಾ ಕಡೆಯ ಮರ ಇದು, ಬೇರು ಆಳಕ್ಕೆ ಇಳಿಯಲ್ಲ, ಮೇಲೆ ತಲೆ ಭಾರ, ಕಾಂಡ ಚಟ್ ಅಂತ ಮುರಿಯತ್ತೆ, ನಾಲ್ಕು ದಿನ ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಪಡುವಣ ಗಾಳಿ ಹಿನ್ನೀರಿನ ಬಯಲಿಂದ ಅಡ್ಡಿ ಇಲ್ದೆ ನುಗ್ಗಿದ್ರೆ ಸಾಲು ಸಾಲಾಗಿ ಮಲಗಿಬಿಡ್ತವೆ. ಅದೇ ಆಮೇಲೆ ಹಳ್ಳ ದಾಟಿ ಕಾನಿಗೆ ಹೋಗಿ ನೋಡಿದ್ರೆ ಮತ್ತಿ, ಹೊನ್ನೆ, ನಂದಿ, ನೇರಳೆ ಹೆಚ್ಚುಕಮ್ಮಿ ಎಲ್ಲಾ ನಿಂತಿದ್ವು, ಕೊಂಬೆ ಮುರಿದಿತ್ತು ಅಷ್ಟೇ. ಒಂದೇ ಗಾಳಿ, ಒಂದೇ ಮಳೆ, ನಡುವೆ ಒಂದು ಹಳ್ಳ. ಮಲೆನಾಡಲ್ಲಿ ಅಕೇಶಿಯಾ ಬೇಡ ಅಂತ ಜನ ಇಷ್ಟು ವರ್ಷದಿಂದ ಹೋರಾಟ ಮಾಡ್ತಿರೋದು ಯಾಕೆ ಅಂತ ಯಾರಿಗಾದ್ರೂ ಅರ್ಥ ಆಗ್ಬೇಕಿದ್ರೆ ಆ ದಾರೀಲಿ ಒಂದ್ಸಲ ನಡೆದ್ರೆ ಸಾಕಿತ್ತು.

ಎರಡು ಕಡೆ ಕರೆಂಟ್ ಲೈನ್ ಮರದ ಕೆಳಗೆ ಸಿಕ್ಕಿತ್ತು, ಒಂದು ಕಂಬ ಬುಡಕ್ಕೇ ಮುರಿದಿತ್ತು. ಊರಲ್ಲಿ ಕರೆಂಟ್ ಇಲ್ಲ ಅಂದ ಮಾತ್ರಕ್ಕೆ ತಂತಿ ಸತ್ತಿದೆ ಅಂತ ಅಲ್ಲ, ಯಾರದ್ದೋ ಮನೆ ಇನ್ವರ್ಟರೋ ಜನರೇಟರೋ ತಪ್ಪಾಗಿ ಕನೆಕ್ಟ್ ಆಗಿದ್ರೆ ಹಿಂದ್ಕೆ ಬರಬಹುದು, ಇಲ್ಲಾ ಕರೆಂಟಿನವರೇ ಇನ್ನೊಂದು ಕಡೆಯಿಂದ ಲೈನ್ ಚಾರ್ಜ್ ಮಾಡಬಹುದು. ಲೈನ್‌ಮ್ಯಾನ್ ಬಂದು ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ರ ಫ್ಯೂಸ್ ತೆಗೆದು, ಲೈನ್ ಅರ್ಥ್ ಮಾಡಿ, ಈಗ ಮುಟ್ಟಬಹುದು ಅಂತ ಬಾಯ್ಬಿಟ್ಟು ಹೇಳೋ ತನಕ ಆ ಎರಡು ಜಾಗಕ್ಕೆ ಯಾರೂ ಹೋಗ್ಲಿಲ್ಲ. ಪಾಪ ಅವರು ಮೂರು ದಿನದಿಂದ ಸರಿಯಾಗಿ ಮಲಗಿರ್ಲಿಲ್ಲ, ಆದ್ರೂ ಮಧ್ಯಾಹ್ನದೊಳಗೆ ಬಂದ್ರು. ಪ್ಲಾಂಟೇಶನ್ ಮರ ನಮ್ಮದಲ್ಲ, ಕಾನೂ ನಮ್ಮದಲ್ಲ, ಹಂಗಾಗಿ ಫಾರೆಸ್ಟ್ ಗಾರ್ಡಿಗೂ ಹೇಳಿ ಕರೆಸಿ ತೋರಿಸಿದ್ವಿ. ದಾರಿ ಅಗಲದಷ್ಟು ಮಾತ್ರ ಕೊಯ್ದು ತುಂಡು ಬದಿಗೆ ಉರುಳಿಸಿ ಇಡಿ, ಒಂದು ತುಂಡೂ ಮನೆಗೆ ಒಯ್ಯಬೇಡಿ ಅಂದ್ರು. ನ್ಯಾಯವಾದ ಮಾತು.

ಆಳು ಸಿಗೋದೇ ದೊಡ್ಡ ಕಷ್ಟ ಆಗಿತ್ತು. ಅದು ಅಡಿಕೆಗೆ ಎರಡನೇ ಸಲ ಬೋರ್ಡೋ ಔಷಧಿ ಹೊಡೆಯೋ ಹೊತ್ತು, ಮಳೆ ನಿಂತು ಒಂದು ದಿನ ಹೊಳವಾದ್ರೆ ಸಾಕು ಎಲ್ಲರೂ ತೋಟಕ್ಕೆ ಓಡ್ತಾರೆ, ಯಾಕಂದ್ರೆ ಕೊಳೆ ರೋಗ ಬಂದ್ರೆ ವರ್ಷದ ಬೆಳೆ ಬುಡದಲ್ಲಿ ಉದುರಿರತ್ತೆ. ದುಡ್ಡು ಕೊಡ್ತೀನಿ ಬನ್ನಿ ಅಂದ್ರೆ ಬರೋ ಸಮಯ ಅದಲ್ಲ. ಚಿಕ್ಕಪ್ಪ ದುಡ್ಡಿನ ಮಾತೇ ಎತ್ತಲಿಲ್ಲ. ಸಂಜೆ ಮನೆ ಮನೆಗೆ ಹೋಗಿ ಮುಯ್ಯಾಳು ಕೇಳಿದ್ರು. ಇವತ್ತು ನೀನು ನನ್ನ ಕೆಲಸಕ್ಕೆ ಬಂದ್ರೆ ನಾಳೆ ಅಷ್ಟೇ ದಿನ ನಾನು ನಿನ್ನ ಕೆಲಸಕ್ಕೆ. ನಾಟಿಗೆ, ಕೊಯ್ಲಿಗೆ ಹಿಂದೆಲ್ಲಾ ಹಿಂಗೇ ನಡೀತಿತ್ತು, ಈಗ ಕಮ್ಮಿಯಾಗಿದೆ ಅಂತ ನಾನಂದ್ಕೊಂಡಿದ್ದೆ. ಮಾರನೇ ದಿನ ಬೆಳಿಗ್ಗೆ ಹನ್ನೊಂದು ಜನ ಕತ್ತಿ, ಹಾರೆ, ಪಿಕಾಸಿ ಹಿಡ್ಕೊಂಡು ಟಾರ್ ರಸ್ತೆ ಬದಿ ನಿಂತಿದ್ರು, ಮರ ಕೊಯ್ಯೋ ಮಿಷನ್ ಇದ್ದವರು ಇಬ್ಬರು.

ಮಿಷನ್ ಹಿಡಿಯೋಕೆ ನಂಗೆ ಬರತ್ತೆ ಅಂತ ನಾನು ನಂಬಿದ್ದೆ, ಬೇಸಿಗೇಲಿ ಒಣ ಕಟ್ಟಿಗೆ ಕೊಯ್ದಿದ್ದೆ. ಬಿದ್ದ ಮರ ಬೇರೆನೇ. ಎರಡೂ ತುದಿ ಊರ್ಕೊಂಡು ನಡುವೆ ಜೋತಿದ್ರೆ ಮೇಲ್ಭಾಗ ಅಮುಕಿರತ್ತೆ, ಕೆಳಭಾಗ ಎಳೆದಿರತ್ತೆ, ಮೇಲಿಂದ ಸ್ವಲ್ಪ ಕೊಯ್ದು ಬಿಟ್ಟು ಆಮೇಲೆ ಕೆಳಗಿಂದ ಮೇಲಕ್ಕೆ ಕೊಯ್ಯಬೇಕು. ಒಂದೇ ತುದಿ ಊರಿ ಇನ್ನೊಂದು ಗಾಳೀಲಿದ್ರೆ ಪೂರಾ ಉಲ್ಟಾ. ನಾನು ಮೂರನೇ ಮರದಲ್ಲೇ ಮೇಲಿಂದ ಕೊಯ್ತಾ ಹೋಗಿ ಮಿಷನ್ನಿನ ಬಾರ್ (ಚೈನ್ ಓಡೋ ಪಟ್ಟಿ) ಸಿಕ್ಕಿಹಾಕ್ಕೊಂಡಿತು, ಮರದ ಭಾರ ಅದರ ಮೇಲೆ ಕೂತುಬಿಡ್ತು, ಇನ್ನೊಂದು ಮಿಷನ್ ತಂದು ಪಕ್ಕದಲ್ಲಿ ಕೊಯ್ದು, ಬೆಣೆ ಹೊಡೆದು ಬಿಡಿಸೋಕೆ ಮುಕ್ಕಾಲು ಗಂಟೆ ಹೋಯ್ತು. ಯಾರೂ ಬೈಲಿಲ್ಲ, ಆದ್ರೆ ಆಮೇಲೆ ಎಲ್ಲಿ ಅಮುಕಿದೆ ಎಲ್ಲಿ ಎಳೆದಿದೆ ಅಂತ ಪ್ರತಿ ಮರಕ್ಕೂ ನನ್ನಿಂದ ಹೇಳಿಸಿಯೇ ಕೊಯ್ಯೋಕೆ ಬಿಟ್ರು. ಬೇರು ಸಮೇತ ಕಿತ್ತು ಬಿದ್ದ ಮರ ಇದಕ್ಕಿಂತ ಅಪಾಯ. ಕಾಂಡದ ಭಾರಕ್ಕೆ ಬೇರಿನ ಗಡ್ಡೆ ಮಣ್ಣು ಸಮೇತ ಗೋಡೆ ಹಾಗೆ ಎದ್ದು ನಿಂತಿರತ್ತೆ, ಕಾಂಡ ಕೊಯ್ದು ಭಾರ ಹೋದ ತಕ್ಷಣ ಆ ಗಡ್ಡೆ ದಡಕ್ಕನೆ ವಾಪಸ್ ಗುಂಡಿಗೆ ಬೀಳತ್ತೆ. ಆ ಗುಂಡಿ ಹತ್ರ ಯಾರೂ ನಿಲ್ಲಬಾರದು, ಮಕ್ಕಳಂತೂ ಆ ಕಡೆ ಸುಳಿಯಲೇಬಾರದು. ಇದನ್ನ ದೊಡ್ಡದಾಗಿ ಬರೀತಿದೀನಿ ಯಾಕಂದ್ರೆ ಪ್ರತಿ ಮಳೆಗಾಲ ಮರ ಬಿಡಿಸೋಕೆ ಹೋದವರು ಪೆಟ್ಟು ಮಾಡ್ಕೊಳ್ಳೋದು ಇಂಥದ್ರಲ್ಲೇ.

ಮೇಲೆ ಸಿಕ್ಕಿ ನೇತಾಡ್ತಿದ್ದ ಕೊಂಬೆಗಳಿಗೆ ಮಿಷನ್ ಉಪಯೋಗಕ್ಕೆ ಬರಲ್ಲ. ಅದಕ್ಕೆ ಇದ್ದಿದ್ದು ಅಡಿಕೆ ಗೊನೆ ಕೊಯ್ಯೋ ನಮ್ಮ ಕೊನೆಗಾರ. ವರ್ಷಗಟ್ಟಲೆ ಅಡಿಕೆ ಮರದಿಂದ ಮರಕ್ಕೆ ಜೋಲಿ ಹೊಡೆದು ದಾಟಿದ ಮನುಷ್ಯ, ಒದ್ದೆ ಮರಕ್ಕೆ ಹತ್ತಿ, ನಾನು ತಂದ ಹಗ್ಗ ಕೊಂಬೆಗೆ ಬಿಗಿದು ಕೆಳಗೆ ನಾಲ್ಕು ಜನರ ಕೈಗೆ ಕೊಟ್ಟು, ಇವರು ಎಳೆಯೋ ದಿಕ್ಕು ತೋರಿಸಿ ಒಂದೊಂದೇ ಇಳಿಸಿದ್ರು. ಅವತ್ತು ಅವರಿಗೆ ಇನ್ನೊಂದು ತೋಟದಲ್ಲಿ ಔಷಧಿ ಹೊಡೆಯೋ ಕೆಲಸ ಇತ್ತು, ಅದನ್ನ ಬಿಟ್ಟು ಬಂದಿದ್ರು.

ಹಳ್ಳದ ಹತ್ರ ಬಂದಾಗ ಮೂರನೇ ದಿನ ಮಧ್ಯಾಹ್ನ. ಅಲ್ಲಿ ಮರದ ಸಮಸ್ಯೆ ಅಲ್ಲ, ದಾರಿನೇ ಇಲ್ಲ. ಎರಡಡಿ ಸಿಮೆಂಟ್ ಪೈಪಿನ ಮೋರಿ ಇತ್ತು, ಅದರ ಬಾಯಿಗೆ ಅಕೇಶಿಯಾ ದರಕು (ಒಣಗಿದ ಎಲೆ) ಮತ್ತೆ ಕೊಂಬೆ ಬಂದು ಕಟ್ಕೊಂಡಿದೆ, ನೀರು ಒಳಗೆ ಹೋಗೋಕೆ ಆಗ್ದೆ ರಸ್ತೆ ಮೇಲೆ ಹತ್ತಿ ಆಚೆ ಬದಿ ಮಣ್ಣು ಕೊರೀತಾ ಕೊರೀತಾ ಪೈಪನ್ನೂ ಎಬ್ಬಿಸಿ ಒಯ್ದಿದೆ. ಎದೆಮಟ್ಟ ಆಳದ ಕಂದಕ, ಕೆಂಪು ನೀರು ರಭಸದಲ್ಲಿ ಹರೀತಿತ್ತು. ಆ ಮಳೇಲಿ ಮಣ್ಣು ತುಂಬಿ ಏನೂ ಪ್ರಯೋಜನ ಇರ್ಲಿಲ್ಲ, ರಾತ್ರಿ ತುಂಬಿದ್ದು ಬೆಳಿಗ್ಗೆ ಹಿನ್ನೀರಲ್ಲಿ ಇರ್ತಿತ್ತು. ಅದಕ್ಕೆ ಮೊದಲು ನಡೆದು ದಾಟೋಕೆ ಸಂಕ (ಕಾಲುಸೇತುವೆ) ಹಾಕಿದ್ವಿ. ಗಾಳಿಗೆ ಬಿದ್ದ ಅಡಿಕೆ ಮರ ಸೀಳಿ ದಬ್ಬೆ ಮಾಡಿ, ಎರಡು ಗಟ್ಟಿ ದಿಮ್ಮಿ ಅಡ್ಡ ಹಾಕಿ ಅದರ ಮೇಲೆ ದಬ್ಬೆ ಬಿಗಿದು, ಒಂದು ಬದಿ ಬಿದಿರಿನ ಕೈಹಿಡಿ ಕಟ್ಟಿ, ಸಂಜೆ ಬೆಳಕು ಹೋಗೋ ಮೊದಲು ಆಯ್ತು. ಆಚೆ ಮನೆ ಅಣ್ಣ ಆ ಮೂರು ದಿನದಲ್ಲಿ ಒಂದ್ಸಲ ಅಜ್ಜಿ ಬಿಪಿ ಮಾತ್ರೆಗೆ ಅಂತ ದೋಣೀಲಿ ಹಿನ್ನೀರು ಬಳಸಿ ಹೋಗಿದ್ರಂತೆ, ಆ ಗಾಳೀಲಿ, ಆ ಅಲೇಲಿ. ಅದನ್ನ ಕೇಳಿ ನಂಗೆ ಕೈಕಾಲು ತಣ್ಣಗಾಯ್ತು. ಸಂಕ ಆದ ಮೇಲೆ ಮೊದಲು ದಾಟಿದ್ದು ಅವರ ಮಗಳು, ಸ್ಕೂಲ್ ಬ್ಯಾಗ್ ತಲೆ ಮೇಲಿಟ್ಕೊಂಡು.

ಇದೇ ಹೋಬಳಿ ಜನ ಅರವತ್ತು ವರ್ಷ ಹಿನ್ನೀರು ದಾಟೋ ಲಾಂಚಿಗೆ ಕಾದವರು, ಸಂಜೆ ಮೇಲೆ ಯಾರಿಗಾದ್ರೂ ಹೆರಿಗೆ ನೋವು ಬಂದ್ರೆ ದೇವರೇ ಗತಿ ಅಂತಿದ್ದವರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ಕ್ಕೆ ಉದ್ಘಾಟನೆ ಆದಾಗ ನಾವೆಲ್ಲಾ ಎಷ್ಟು ಸಂತೋಷ ಪಟ್ವಿ ಅಂತ ಹೇಳೋಕಾಗಲ್ಲ, 2.44 ಕಿಲೋಮೀಟರ್ ಸೇತುವೆ ಮೇಲೆ ಚಿಕ್ಕಪ್ಪ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದೇ ಹೋಗಿದ್ರು. ಆದ್ರೆ ಅಷ್ಟು ದೊಡ್ಡ ಸೇತುವೆ ಆದ ಮೇಲೂ ಎರಡಡಿ ಪೈಪಿನ ಮೋರಿ ಹೋದ್ರೆ ಮೂರು ಮನೆ ಮತ್ತೆ ಮುಳುಗಡೆ ಕಾಲಕ್ಕೆ ಹೋಗತ್ತೆ. ಒಳ ರಸ್ತೆ ಮೋರಿಗಳನ್ನ ಮಳೆಗಾಲಕ್ಕೆ ಮೊದಲು ಯಾರಾದ್ರೂ ಬಿಡಿಸಲೇಬೇಕು, ಇದು ನನ್ನ ಕಳಕಳಿ.

ಕ್ಯಾಂಪ್ ಜಾಗಕ್ಕೆ ಹೋಗಿದ್ದು ಐದನೇ ದಿನ. ಅಡುಗೆ ಕೊಟ್ಟಿಗೆ ಹಂಚು ಅರ್ಧ ಹಾರಿತ್ತು, ಒಂದು ಟಾಯ್ಲೆಟ್ ಮೇಲೆ ಮರ ಬಿದ್ದಿತ್ತು, ಅದೆಲ್ಲಾ ಸರಿ ಮಾಡಬಹುದು. ದಂಡೆಯ ಅಪ್ಪೆಮಿಡಿ ಮಾವಿನ ಮರ ಬಿದ್ದಿದ್ದು ನೋಡಿ ಚಿಕ್ಕಪ್ಪ ತುಂಬಾ ಹೊತ್ತು ಮಾತಾಡ್ಲಿಲ್ಲ. ಅವರ ಅಪ್ಪನ ಕಾಲದಿಂದ ನಮ್ಮನೆ ಉಪ್ಪಿನಕಾಯಿ ಭರಣಿ ತುಂಬಿದ ಮರ, ಮಿಡಿ ಮುರಿದ್ರೆ ಕೈಗೆ ಜೀರಿಗೆ ವಾಸನೆ ಬರ್ತಿತ್ತು. ಒಂದು ಬದಿ ಬೇರು ಇನ್ನೂ ಮಣ್ಣಲ್ಲಿತ್ತು, ಎಲೆ ಬಾಡಿರ್ಲಿಲ್ಲ. ಕೂಡ್ಲೇ ಒಳ್ಳೊಳ್ಳೆ ಕಡ್ಡಿ ಆರಿಸಿ ನಲವತ್ತು ಕೊಯ್ದು, ಒದ್ದೆ ಬಟ್ಟೇಲಿ ಸುತ್ತಿ, ಬಾಳೆ ಪಟ್ಟೆಯೊಳಗಿಟ್ಟು ಅವತ್ತೇ ಕಸಿ ಕಟ್ಟೋರ ಹತ್ರ ತಲುಪಿಸಿದೆ. ಹದಿನಾಲ್ಕು ಹಿಡಿದಿವೆ. ನಾಲ್ಕು ಕ್ಯಾಂಪ್ ದಂಡೆಗೆ, ಮೂರು ಮನೆಗೆ ಒಂದೊಂದು, ಉಳಿದಿದ್ದು ಕೆಲಸಕ್ಕೆ ಬಂದವರಿಗೆ.

ನೀರಂಚಿಗೆ ಬಿದ್ದ ಮೂರು ಮರ ಮಾತ್ರ ತೆಗೀಲಿಲ್ಲ, ಅವು ದಾರಿಗೂ ಅಡ್ಡ ಇಲ್ಲ ಯಾರಿಗೂ ತೊಂದರೆ ಇಲ್ಲ. ನೀರೊಳಗೆ ಕೊಂಬೆ ಇದ್ರೆ ಮೀನು ಮರಿಗೆ ಮರೆ ಆಗತ್ತೆ, ಈಗಾಗಲೇ ನೀರುಕಾಗೆಗಳು ಅದರ ಮೇಲೆ ರೆಕ್ಕೆ ಒಣಗಿಸ್ತಾ ಕೂತಿರ್ತವೆ. ಒಬ್ಬರು ಜೆಸಿಬಿ ತಂದು ಕಾನಿನ ಮೂಲಕ ನೇರ ರೋಡ್ ಹೊಡೆದುಕೊಡ್ತೀನಿ, ಕಾರು ನೀರಿನ ತನಕ ಹೋಗತ್ತೆ ಅಂದ್ರು. ಅದು ನಮ್ಮ ಜಾಗ ಅಲ್ಲ ಅನ್ನೋದು ಒಂದು, ಅಲ್ಲಿ ಧರೆ ಕಡಿದ್ರೆ ಮುಂದಿನ ಮಳೆಗೆ ಗುಡ್ಡನೇ ಜಾರತ್ತೆ ಅನ್ನೋದು ಇನ್ನೊಂದು. ಬೇಡ ಅಂದ್ವಿ.

ಮೋರಿ ಕೆಲಸ ಮಘೆ ಮಳೆ ಕಳೆದು ಹೊಳವಾದ ಮೇಲೆ ಆಗಿದ್ದು. ಈ ಸಲ ಮೂರಡಿಯ ಎರಡು ಪೈಪ್, ಎರಡೂ ಬದಿ ಜಂಬಿಟ್ಟಿಗೆ ಕಲ್ಲು ಕಟ್ಟಿ, ನೀರು ಬರೋ ಕಡೆ ಹತ್ತಡಿ ಮೇಲೆ ಗೂಟ ನೆಟ್ಟು ದರಕು ಅಲ್ಲೇ ತಡೆಯೋ ಹಾಗೆ ಮಾಡಿದೀವಿ. ಇಳಿಜಾರಲ್ಲಿ ಪ್ರತಿ ಮೂವತ್ತು ಹೆಜ್ಜೆಗೊಂದು ಅಡ್ಡಗಾಲುವೆ ತೆಗೆದು ನೀರನ್ನ ಬದಿಗೆ ತಿರುಗಿಸಿದೀವಿ, ದಾರಿ ಮೇಲೆ ನೀರು ಓಡಿದ್ರೆ ತಾನೇ ಕೊರೆಯೋದು. ಪೈಪಿನ ಖರ್ಚು ಕ್ಯಾಂಪಿಂದು, ಕಲ್ಲು ಹೊತ್ತಿದ್ದು ಎಲ್ಲರೂ.

ಮೊನ್ನೆ ಪಿಕಪ್ ಹೋಯ್ತು, ಗ್ಯಾಸ್ ಸಿಲಿಂಡರ್ ಮತ್ತೆ ಹಿಂಡಿ ಮೂಟೆ ಹೇರ್ಕೊಂಡು ಆ ಮೂರು ಮನೆ ಅಂಗಳದ ತನಕ. ಕ್ಯಾಂಪಿಗೆ ಕೊನೇ ಇನ್ನೂರು ಮೀಟರ್ ಇನ್ಮೇಲೆ ನಡೆದೇ ಹೋಗ್ಬೇಕು, ಅಲ್ಲಿ ಗಾಡಿ ದಾರಿ ಬೇಡ ಅಂತ ತೀರ್ಮಾನ ಮಾಡಿದೀವಿ. ಡಿಸೆಂಬರ್ ಎರಡನೇ ವಾರದಿಂದ ಟೆಂಟ್ ಹಾಕ್ತೀವಿ, ಅದಕ್ಕೂ ಮೊದಲು ಆಗಲ್ಲ, ಯಾಕಂದ್ರೆ ಕೊನೆಕೊಯ್ಲು ಶುರುವಾಗತ್ತೆ, ಚಿಕ್ಕಪ್ಪನ ಪುಸ್ತಕದಲ್ಲಿ ಇನ್ನೂ ಒಂಬತ್ತು ಆಳಿನ ಮುಯ್ಯಿ ತೀರಿಸೋದಿದೆ, ಅದರಲ್ಲಿ ಐದು ನನ್ನ ಹೆಸರಲ್ಲಿ. ಆಫೀಸಿಗೆ ರಜೆ ಬರೆದಾಗಿದೆ. ಮೊದಲ ಎರಡು ದಿನ ಕೊನೆಗಾರರ ಮನೇಲಿ ಅಡಿಕೆ ಸುಲಿಯೋಕೆ.