ಗೂಟದ ಮೇಲಿನ ಬೆರಳ ಗುರುತು

ಚಳ್ಳಕೆರೆ ಕಡೆಯ ನಮ್ಮ ಹಳೇ ಮನೆ ಕೆಡವುತ್ತಿದ್ದೇವೆ. ಇವತ್ತು ಮೂಲೆಯಲ್ಲಿ ಬೀಸುಕಲ್ಲು ಸಿಕ್ಕಿತು. ಅದರ ಮರದ ಗೂಟ ಒಂದೇ ಮಗ್ಗುಲಿಗೆ ಸವೆದು ನುಣ್ಣಗಾಗಿದೆ, ಬೆರಳು ಹಿಡಿದ ಜಾಗ. ಅಪ್ಪನ ಅವ್ವನ ಬೆರಳು. ಅವಳ ಒಂದು ಫೋಟೋ ಕೂಡ ಇಲ್ಲ ನಮ್ಮಲ್ಲಿ.

ಕೋಳಿ ಕೂಗೋಕೆ ಮುಂಚೆ ಎದ್ದು ರಾಗಿ ಬೀಸೋಳಂತೆ, ಆಮೇಲೆ ಶೇಂಗಾ ಹೊಲ. ಗಂಡಸರು, ಮಕ್ಕಳು ಉಂಡ ಮೇಲೆ ಗಡಿಗೆ ತಳದಲ್ಲಿ ಉಳಿದದ್ದು ಅವಳ ಪಾಲು. ಆರನೇ ಹೆರಿಗೆಯಲ್ಲಿ ರಕ್ತ ನಿಲ್ಲಲೇ ಇಲ್ಲ. ಗಾಡಿ ಕಟ್ಟಿ ದುರ್ಗಕ್ಕೆ ಹೊರಟರು, ದಾರಿಯಲ್ಲೇ ಹೋದಳು. ಅಪ್ಪನಿಗೆ ಆಗ ನಾಲ್ಕು ವರ್ಷ. ನೆನಪಿರೋದು ಗಾಡಿಯಲ್ಲಿ ಹಾಸಿದ್ದ ಹುಲ್ಲು, ಅಷ್ಟೇ.

ಊರಲ್ಲಿ ಹಣೆಬರಹ ಅಂದರು. ನಾನು ಒಪ್ಪಲ್ಲ. ಅರೆಹೊಟ್ಟೆಯಲ್ಲಿ ದುಡಿದು ರಕ್ತವೇ ಇಲ್ಲದ ಮೈ ಅದು. ಗರ್ಭಕೋಶ ಬಿಗಿಯಾಗೋಕೆ ಈಗ ಹೆರಿಗೆಯಾದ ತಕ್ಷಣ ಒಂದು ಇಂಜೆಕ್ಷನ್ ಕೊಡ್ತಾರೆ. ಕರೆದರೆ ಬರೋ 108 ಆಂಬ್ಯುಲೆನ್ಸ್ ನಮ್ಮ ರಾಜ್ಯಕ್ಕೆ ಬಂದದ್ದೇ 2008ರಲ್ಲಿ. ಅವಳಿಗೆ ಸಿಕ್ಕಿದ್ದು ಎತ್ತಿನ ಗಾಡಿ.

ಹಳೇ ಸಾಮಾನಿನವನು ಕಲ್ಲಿಗೆ ರೇಟು ಕೇಳಿದ. ಕೊಡಲ್ಲ ಅಂದೆ. ಅಪ್ಪ ಏನೂ ಮಾತಾಡಲಿಲ್ಲ. ಗೂಟ ಹಿಡಿದು ಕೂತಿದ್ದಾರೆ, ಇನ್ನೂ.